ಕೋಬಾಲ್ಟ್‌ಗೆ ಮಾತ್ರ

ಹೊರದೇಶದ ಪ್ರಯೋಗಾಲಯವೊಂದರಿಂದ ಬಂದ ಆ ಇಮೇಲ್ ತುಂಬಾ ಸಭ್ಯವಾಗಿತ್ತು. ನಮ್ಮ ವೃತ್ತಿಯಲ್ಲಿ ಸಭ್ಯವಾದ ಪತ್ರ ಬಂದರೆ ಹೆದರಬೇಕು. ನಿಮ್ಮ ಲೇಖನದಲ್ಲಿ ಹೇಳಿದಂತೆಯೇ ಪುಡಿ ತಯಾರಿಸಿದೆವು, ಮತ್ತೆ ಮತ್ತೆ ತಯಾರಿಸಿದೆವು, ನಮಗೆ ಅದರಲ್ಲಿ ಕಾಂತತ್ವ ಕಾಣಿಸಲಿಲ್ಲ, ನಮ್ಮಿಂದ ಏನಾದರೂ ತಪ್ಪಾಗುತ್ತಿದ್ದರೆ ದಯವಿಟ್ಟು ತಿಳಿಸಿ ಎಂದು ಬರೆದಿದ್ದರು. ತಪ್ಪು ನಿಮ್ಮದು, ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಸಮಯ ಕೊಡುತ್ತಿದ್ದೇವೆ ಎಂಬುದು ಅದರ ಅರ್ಥ.

ಪತ್ರ ಬಂದದ್ದು ನಮ್ಮ ಮೇಷ್ಟ್ರಿಗೆ. ಹೆಬ್ಬಾಳದ ಮೇಲ್ಸೇತುವೆ ಇಳಿದು ವಿಮಾನ ನಿಲ್ದಾಣದ ರಸ್ತೆ ಹಿಡಿದರೆ, ಎಡಕ್ಕೋ ಬಲಕ್ಕೋ ಹೇಳುವುದಿಲ್ಲ, ನಮ್ಮ ಸಂಸ್ಥೆ ಇದೆ. ಅಲ್ಲಿ ಅವರನ್ನು ಎಲ್ಲರೂ 'ಸರ್' ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ ಮೇಷ್ಟ್ರು. ಲೋಹಗಳ ಆಕ್ಸೈಡುಗಳನ್ನು ಬೇಯಿಸಿ ಹೊಸ ವಸ್ತು ಮಾಡುವ ರಸಾಯನಶಾಸ್ತ್ರದಲ್ಲಿ ಅವರದು ದೊಡ್ಡ ಹೆಸರು. ಯೌವನದಲ್ಲಿ ಅವರು ಕೋಬಾಲ್ಟ್ ಮತ್ತು ಕಬ್ಬಿಣದ ಆಕ್ಸೈಡಿಗೆ ಮೂರನೆಯ ಲೋಹವೊಂದನ್ನು ಸೇರಿಸಿ ಒಂದು ಕಾಂತವಸ್ತು ಮಾಡಿದ್ದರು. ಅದನ್ನು ಕಾಯಿಸುತ್ತಾ ಹೋದರೆ ಕಾಂತತ್ವ ಒಂದೇ ಸಮನೆ ಇಳಿಯುವುದಿಲ್ಲ. ಪೂರ್ತಿ ಮಾಯವಾಗುವ ಮುನ್ನ ಸ್ವಲ್ಪ ಮೇಲೇಳುತ್ತದೆ, ಆಮೇಲೆ ದಬಕ್ಕನೆ ಬೀಳುತ್ತದೆ. ಗ್ರಾಫಿನಲ್ಲಿ ಅದು ಗೂನುಬೆನ್ನಿನ ಹಾಗೆ ಕಾಣುತ್ತದೆ. ನಾವು ಶಿಷ್ಯರೆಲ್ಲ ಅದನ್ನು 'ಗೂನು' ಎಂದೇ ಕರೆಯುತ್ತಿದ್ದೆವು. ಆ ಗೂನಿನ ಮೇಲೆ ಅವರ ಪ್ರಶಸ್ತಿಗಳು, ನಮ್ಮ ಪಿಎಚ್‌ಡಿಗಳು, ನಮ್ಮ ಶಿಷ್ಯರ ಪಿಎಚ್‌ಡಿಗಳು ಎಲ್ಲವೂ ನಿಂತಿದ್ದವು.

ನಾನೂ ಅವರ ಶಿಷ್ಯೆಯೇ. ಈಗ ಸಂಸ್ಥೆಯಲ್ಲಿ ಮ್ಯಾಗ್ನೆಟೋಮೀಟರ್ ನೋಡಿಕೊಳ್ಳುವವಳು. ಯಾರು ಏನು ಪುಡಿ ತಂದುಕೊಟ್ಟರೂ ಅದರಲ್ಲಿ ಕಾಂತತ್ವ ಎಷ್ಟಿದೆ ಎಂದು ಅಳೆದುಕೊಡುವುದು ನನ್ನ ಕೆಲಸ. ಯಂತ್ರ ನನ್ನ ಮಾತು ಕೇಳುತ್ತದೆ, ಮನುಷ್ಯರು ಕೇಳುವುದಿಲ್ಲ, ಹೀಗಾಗಿ ನಾನು ಯಂತ್ರದ ಕೋಣೆಯಲ್ಲೇ ಹೆಚ್ಚು ಹೊತ್ತು ಇರುತ್ತೇನೆ.

ಮೇಷ್ಟ್ರು ಎಂಬತ್ತು ದಾಟಿದ್ದರು. ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು. ಆದರೂ ಅವರಿಗೊಂದು ಕೋಣೆಯಿತ್ತು, ಒಬ್ಬಳೇ ಒಬ್ಬಳು ಸಂಶೋಧನಾ ವಿದ್ಯಾರ್ಥಿನಿಯಿದ್ದಳು. ಯಶವಂತಪುರದಲ್ಲಿ ಲೇತ್ ಅಂಗಡಿ ಇಟ್ಟುಕೊಂಡವರ ಮಗಳು ಅವಳು. ಮನೆಯಲ್ಲಿ ದಖ್ಖನಿ, ನಮ್ಮೊಡನೆ ಚೊಕ್ಕವಾದ ಬೆಂಗಳೂರು ಕನ್ನಡ. ಅವಳು ಸತುವಿನ ಆಕ್ಸೈಡಿಗೆ ಅಂಥದ್ದೇ ಇನ್ನೊಂದು ಸಪ್ಪೆ ಆಕ್ಸೈಡ್ ಬೆರೆಸಿ ಮಾಡಿದ ಪುಡಿ, ಕೋಣೆಯ ಉಷ್ಣತೆಯಲ್ಲೇ ಕಾಂತವಾಗಿ ವರ್ತಿಸಿತು. ಕಬ್ಬಿಣ ಇಲ್ಲ, ಕೋಬಾಲ್ಟ್ ಇಲ್ಲ, ನಿಕ್ಕಲ್ ಇಲ್ಲ. ಅಕ್ಕಿಹಿಟ್ಟಿನ ಡಬ್ಬಿಗೆ ಅಯಸ್ಕಾಂತ ಅಂಟಿಕೊಂಡ ಹಾಗೆ. ಅಳೆದವಳು ನಾನೇ. ಸಂಕೇತ ತೀರಾ ಸಣ್ಣದು, ಆದರೆ ಗಟ್ಟಿಯಾಗಿತ್ತು. ಲೇಖನ ಒಳ್ಳೆಯ ಪತ್ರಿಕೆಯಲ್ಲಿ ಬಂತು, ದಿನಪತ್ರಿಕೆಯವರು ಫೋಟೋ ಹಾಕಿದರು. ಮೇಷ್ಟ್ರು ಮೊಮ್ಮಗುವಿನ ನಾಮಕರಣದಲ್ಲಿ ಓಡಾಡುವ ಅಜ್ಜನ ಹಾಗೆ ಕಾರಿಡಾರಿನಲ್ಲಿ ಓಡಾಡಿದರು. ಮತ್ತೆ ಎರಡು ವರ್ಷವೂ ಆಗಿರಲಿಲ್ಲ, ಈ ಸಭ್ಯ ಪತ್ರ.

ವಿಭಾಗದ ಮುಖ್ಯಸ್ಥರು ತಮ್ಮ ಕೋಣೆಯಲ್ಲಿ ಮೇಷ್ಟ್ರು, ಹುಡುಗಿ, ನಾನು ಮೂವರನ್ನೂ ಕೂರಿಸಿ ಪತ್ರ ಓದಿದರು. ಮೇಷ್ಟ್ರು ನಕ್ಕುಬಿಟ್ಟರು.

"ಅವರಿಗೆ ಅರೆಯೋಕೆ ಬರಲ್ಲ ಕಣ್ರೀ. ಮಿಷನ್‌ಗೆ ಹಾಕಿ ತಿರುಗಿಸ್ತಾರೆ. ಇನ್ನೊಂದ್ಸಲ ಮಾಡಮ್ಮ ನೀನು, ಸ್ಯಾಂಪಲ್ಲೇ ಕಳಿಸ್ಬಿಡೋಣ. ನೋಡ್ಕೊಳ್ಳಿ ಅವರೇ."

ಅರೆಯುವುದು ಮೇಷ್ಟ್ರ ಧರ್ಮ. ಪುಡಿಗಳನ್ನು ತೂಗಿ, ಅರೆದು, ಮೂಸೆಯಲ್ಲಿಟ್ಟು ಕುಲುಮೆಯಲ್ಲಿ ಬೇಯಿಸಿ, ತೆಗೆದು ಮತ್ತೆ ಅರೆದು, ಮತ್ತೆ ಬೇಯಿಸಬೇಕು. ಅರೆಯುವುದಕ್ಕೆ ಅಗೇಟ್ ಕಲ್ಲಿನ ಮಾರ್ಟರ್. ಅಜ್ಜಿಯರ ಎಲೆ ಅಡಿಕೆ ಕುಟ್ಟಾಣಿಯನ್ನು ಅಗಲ ಮಾಡಿ ನುಣ್ಣಗೆ ಮಾಡಿದರೆ ಹೇಗೋ ಹಾಗಿರುವ ಬಟ್ಟಲು. ವಿದ್ಯಾರ್ಥಿಗಳಿಗೆ ಅವರವರದೇ ಮಾರ್ಟರ್ ಇರುತ್ತದೆ. ಆದರೆ ನಮ್ಮ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿತ್ತು. ಕೊನೆಯ ಅರೆತ ಮಾತ್ರ ಮೇಷ್ಟ್ರ ಮಾರ್ಟರ್‌ನಲ್ಲಿ. ಅವರು ಯುವಕರಾಗಿದ್ದಾಗಿನಿಂದ ಜೊತೆಗಿದ್ದ, ಜೇನಿನ ಬಣ್ಣದ, ಮರದ ಪೆಟ್ಟಿಗೆಯಲ್ಲಿ ಮಲಗಿರುತ್ತಿದ್ದ ಮಾರ್ಟರ್ ಅದು. ಅದರಲ್ಲಿ ಅರೆದರೆ ಪುಡಿ ಬೆಣ್ಣೆಯಂತೆ ಬರುತ್ತದೆ ಎಂದು ಅವರ ನಂಬಿಕೆ. ಅದನ್ನು ಕೊಟ್ಟರೆಂದರೆ ನಿನ್ನ ಸ್ಯಾಂಪಲ್ ಒಪ್ಪಿದ್ದೇನೆ ಎಂದು ಅರ್ಥ. ಆಯುಧಪೂಜೆಯ ದಿನ ಕುಲುಮೆ, ತಕ್ಕಡಿಗಳ ಜೊತೆ ಅದಕ್ಕೂ ಹೂವು. ಕುಂಕುಮ ಮಾತ್ರ ಪೆಟ್ಟಿಗೆಗೆ. ಮಾರ್ಟರ್‌ಗೆ ಯಾರಾದರೂ ಕೈಚಾಚಿದರೆ ಮೇಷ್ಟ್ರು ಹೌಹಾರುತ್ತಿದ್ದರು: "ಏಯ್, ಕುಂಕುಮದಲ್ಲಿ ಏನೇನ್ ಹಾಕಿರ್ತಾರೋ! ಕಂಟಾಮಿನೇಟ್ ಆಗುತ್ತೆ!"

ಹುಡುಗಿ ಹೊಸದಾಗಿ ಪುಡಿ ಮಾಡಿದಳು. ಅಳೆದೆ. ಕಾಂತತ್ವ ಇತ್ತು. ಹೊರದೇಶಕ್ಕೆ ಕಳಿಸಿದೆವು. ಅವರೂ ಅಳೆದು, ನಿಮ್ಮ ಸ್ಯಾಂಪಲ್‌ನಲ್ಲಿ ಇದೆ, ನಾವು ಮಾಡಿದ್ದರಲ್ಲಿ ಇಲ್ಲ ಎಂದು ಇನ್ನೂ ಸಭ್ಯವಾಗಿ ಬರೆದರು. ಮೇಷ್ಟ್ರು ಗೆದ್ದೆನೆಂದುಕೊಂಡರು. ನನಗೆ ಹಾಗನ್ನಿಸಲಿಲ್ಲ. ಒಂದೇ ಪಾಕ, ಒಂದೇ ಸಾಮಾನು, ನಮ್ಮ ಅಡುಗೆಮನೆಯಲ್ಲಿ ಮಾತ್ರ ಆ ರುಚಿ ಬರುತ್ತಿದ್ದರೆ ಪಾಕದಲ್ಲಿ ಇಲ್ಲದ್ದೇನೋ ನಮ್ಮ ಅಡುಗೆಮನೆಯಲ್ಲಿ ಬೀಳುತ್ತಿದೆ.

ಮುಖ್ಯಸ್ಥರಿಗೂ ಅದೇ ಹೊಳೆದಿತ್ತು. ದಡ್ಡರಲ್ಲ ಅವರು. ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ಆ ಹುಡುಗಿ ಮನೇಲಿ ಲೇತ್ ಇದೆಯಂತಲ್ಲ?"

"ಅಂಗಡಿ ಇದೆ. ಮನೇಲಲ್ಲ."

"ಅದೇ ಅದೇ. ಕಬ್ಬಿಣದ ಪುಡಿ ಗಾಳೀಲೇ ಇರುತ್ತೆ. ಬಟ್ಟೇಲಿ, ಕೂದಲಲ್ಲಿ ಬಂದಿರ್ಬೇಕು. ಪಾಪ, ಬೇಕು ಅಂತ ಮಾಡಿರಲ್ಲ. ಆದ್ರೆ ಈಗ ಸರ್ ಹೆಸರು ಉಳಿಸ್ಬೇಕಲ್ವಾ? ಹುಡುಗಿ ಚಿಕ್ಕವಳು, ಎಲ್ಲಾದ್ರೂ ಸುಧಾರಿಸ್ಕೋತಾಳೆ."

ನನಗೆ ಮೈಯೆಲ್ಲ ಉರಿದುಹೋಯಿತು. ನೋಡದೆ, ಅಳೆಯದೆ, ಒಬ್ಬಳ ಅಪ್ಪನ ಕಸುಬನ್ನು ಹಿಡಿದು ತೀರ್ಪು ಬರೆದುಬಿಟ್ಟಿದ್ದರು. ಆದರೂ ಒಳಗೊಂದು ಹಾಳು ಧ್ವನಿ, ಇದ್ದರೂ ಇರಬಹುದು ಎಂದಿತು. ಅದೇ ಸಿಟ್ಟಿಗೆ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುತ್ತೇನೆ, ಅಲ್ಲಿಯವರೆಗೆ ಯಾರೂ ಬಾಯಿ ಬಿಡಬೇಡಿ ಎಂದು ಹೇಳಿಬಂದೆ. ಯಾರು ಬಾಯಿ ಮುಚ್ಚಿಕೊಂಡಿರುತ್ತಾರೆ? ವಾರದೊಳಗೆ ಕ್ಯಾಂಟೀನಿನಲ್ಲಿ ಲೇತ್ ಸುದ್ದಿ ಸಾಂಬಾರಿನ ಜೊತೆ ಬಡಿಸಲ್ಪಡುತ್ತಿತ್ತು.

ನಮ್ಮ ಕೆಲಸದಲ್ಲಿ ಇದಕ್ಕೆ 'ಬ್ಲಾಂಕ್ ಹಾಕುವುದು' ಎನ್ನುತ್ತಾರೆ. ವಸ್ತುವನ್ನು ಬಿಟ್ಟು, ವಸ್ತು ಮುಟ್ಟುವ ಪ್ರತಿಯೊಂದನ್ನೂ ಬರಿದಾಗಿ ಅಳೆಯುವುದು. ಬರಿದಾದದ್ದರಲ್ಲಿ ಏನಾದರೂ ಕಂಡರೆ ಅದು ಕಳ್ಳ. ಮೊದಲು ಅವಳ ಬಾಟಲಿಗಳ ಮೂಲ ಪುಡಿಗಳು. ಏನಿಲ್ಲ. ಪುಡಿ ತೆಗೆಯುವ ಚಮಚ, ಚಿಮುಟ. ಸ್ಟೀಲಿನ ಚಿಮುಟ ಇಂಥ ಕೆಲಸದಲ್ಲಿ ಕುಖ್ಯಾತ, ಆದರೆ ಅವಳು ಮೊದಲಿನಿಂದಲೂ ಪ್ಲಾಸ್ಟಿಕ್‌ನದೇ ಬಳಸುತ್ತಿದ್ದಳು. ಮೂಸೆಯನ್ನು ಒಡೆದು ಚೂರು ಅಳೆದೆ. ಕುಲುಮೆಯ ನಳಿಗೆಯ ಒಳಗೋಡೆಯನ್ನು ಕೆರೆದು ಅಳೆದೆ. ಅವಳ ಸ್ವಂತ ಮಾರ್ಟರ್. ಏನಿಲ್ಲ. ಅವಳ ಏಪ್ರನ್ ಕೇಳಿದಾಗ ಹುಡುಗಿ ಬಿಚ್ಚಿ ಮೇಜಿನ ಮೇಲಿಟ್ಟಳು. ಜೇಬಿನ ಮೂಲೆಯ ಧೂಳನ್ನು ಟೇಪಿಗೆ ಅಂಟಿಸಿ ತೆಗೆದೆ.

"ತಲೆಕೂದಲೂ ಬೇಕಾ ಮೇಡಂ?" ಎಂದಳು.

ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ನಾನು ಬೇಡವೆಂದೆ. ಅವಳು ಹೋಗಲಿಲ್ಲ, ಬಾಗಿಲ ಹತ್ತಿರವೇ ನಿಂತು ಹೇಳಿದಳು: "ಅಬ್ಬಾಗೆ ಯಾರೋ ಹೇಳ್ಬಿಟ್ಟಿದ್ದಾರೆ ಮೇಡಂ. ಈಗ ಕೆಲಸದ ಬಟ್ಟೆ ಮನೆಗೇ ತರಲ್ಲ. ಅಂಗಡೀಲೇ ಬದಲಾಯಿಸಿ, ಮೊಣಕೈವರೆಗೂ ತೊಳ್ಕೊಂಡು ಬರ್ತಾರೆ. ಬಂದ್ಮೇಲೂ ನನ್ನ ಪಕ್ಕ ಕೂರಲ್ಲ. ದೂರ ಕೂತ್ಕೊಂಡು ಮಾತಾಡಿಸ್ತಾರೆ."

ಕಾಫಿ ಕುಡಿಯೋಣ ಬಾ ಎಂದೆ. ಕ್ಯಾಂಟೀನಿಗೆ ಬರುವುದಿಲ್ಲ ಎಂದಳು.

ಏಪ್ರನ್ ಧೂಳಿನಲ್ಲೂ ಲೆಕ್ಕಕ್ಕೆ ಬರುವಂಥದ್ದು ಏನೂ ಇರಲಿಲ್ಲ. ಆದರೆ ಇಲ್ಲ ಎಂದು ತೋರಿಸಿದರೆ ಸಾಲದು. ಇವತ್ತು ಇಲ್ಲ, ಆವತ್ತು ಇತ್ತು ಎನ್ನುತ್ತಾರೆ. ಕಳ್ಳ ಯಾರೆಂದು ಹೆಸರು ಹಿಡಿಯಬೇಕಿತ್ತು. ಅದಕ್ಕೊಂದು ದಾರಿಯಿದೆ. ಪ್ರತಿಯೊಂದು ಕಾಂತವಸ್ತುವೂ ತನ್ನದೇ ಆದ ಒಂದು ಉಷ್ಣತೆಯಲ್ಲಿ ಕಾಂತತ್ವ ಕಳೆದುಕೊಳ್ಳುತ್ತದೆ. ಲೇತ್‌ನಿಂದ ಹಾರಿದ ಕಬ್ಬಿಣವಾದರೆ ಏಳುನೂರು ಡಿಗ್ರಿ ದಾಟಿದರೂ ಜಗ್ಗುವುದಿಲ್ಲ. ಹಾಗಾಗಿ ಹುಡುಗಿಯ ಸ್ಯಾಂಪಲ್ಲನ್ನು ಕಾಯಿಸುತ್ತಾ ಅಳೆಯಬೇಕು. ಎಲ್ಲಿ ಬೀಳುತ್ತದೋ ಅಲ್ಲಿ ಕಳ್ಳನ ಗುರುತು.

ಹೇಳಿದಷ್ಟು ಸುಲಭವಲ್ಲ. ಸಂಕೇತ ಸಣ್ಣದು, ಕಾಯಿಸಿದಷ್ಟೂ ಗದ್ದಲ ಹೆಚ್ಚು. ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ, ಹೀಟರ್ ಕಡ್ಡಿಯ ತುದಿಗೆ ಪಿಂಗಾಣಿ ಗಾರೆಯಲ್ಲಿ ಅಂಟಿಸಿ, ಒಣಗಿಸಿ, ನಿರ್ವಾತ ಮಾಡಿ ಯಂತ್ರಕ್ಕಿಳಿಸಬೇಕು. ಮೊದಲ ಸಲ ಗಾರೆ ಬಿರಿದು ಬಿಲ್ಲೆ ಯಂತ್ರದ ಹೊಟ್ಟೆಗೆ ಬಿತ್ತು. ಅದನ್ನು ಹೊರತೆಗೆಯುವ ಹೊತ್ತಿಗೆ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಎರಡನೆಯ ಸಲ ಹೀಟರ್ ಕಡ್ಡಿಯೇ ಸುಟ್ಟುಹೋಯಿತು. ಹೊಸದು ಬರುವವರೆಗೆ ಕಾದೆ. ಅದು ಬಂದಾಗ ಯಲಹಂಕದಲ್ಲಿ ಯುದ್ಧವಿಮಾನಗಳ ಪ್ರದರ್ಶನದ ತಾಲೀಮು. ಒಂದೊಂದು ವಿಮಾನ ತಲೆಯ ಮೇಲೆ ಹಾದಾಗಲೂ ಕಟ್ಟಡ ನಡುಗಿ ಗ್ರಾಫಿನಲ್ಲಿ ಮುಳ್ಳು ಏಳುತ್ತಿತ್ತು. ರಸ್ತೆಯಲ್ಲಿ ಜನ ಗಾಡಿ ನಿಲ್ಲಿಸಿ ಆಕಾಶ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ನಾನೊಬ್ಬಳೇ ಕಿವಿಗೆ ಹತ್ತಿ ಇಟ್ಟುಕೊಂಡು ಶಾಪ ಹಾಕುತ್ತಿದ್ದೆ.

ಈ ನಡುವೆ ಮುಖ್ಯಸ್ಥರು ಕರಡು ತಯಾರಿಸಿಟ್ಟಿದ್ದರು. ಲೇಖನವನ್ನು ಹಿಂತೆಗೆದುಕೊಳ್ಳುತ್ತೇವೆ, ಸ್ಯಾಂಪಲ್ ತಯಾರಿಕೆಯಲ್ಲಿ ಮೊದಲ ಲೇಖಕಿಯಿಂದಾದ ಲೋಪವೇ ಕಾರಣ ಎಂದು. ಆ ಸಾಲು ಅಚ್ಚಾದರೆ ಹುಡುಗಿಗೆ ದೇಶದಲ್ಲಿ ಯಾವ ಪ್ರಯೋಗಾಲಯದ ಬಾಗಿಲೂ ತೆರೆಯುವುದಿಲ್ಲ. ಮೇಷ್ಟ್ರಿಗೆ ಅದನ್ನು ತೋರಿಸಿರಲಿಲ್ಲ. ಅವರ ಕಾಲು ಊದಿಕೊಂಡಿತ್ತು, ಸಂಸ್ಥೆಗೆ ಬರುವುದು ಕಡಿಮೆಯಾಗಿತ್ತು.

ವಿಮಾನಗಳು ಊಟಕ್ಕೆ ಇಳಿದ ಒಂದು ಮಧ್ಯಾಹ್ನ ಅಳತೆ ಸರಿಯಾಗಿ ನಡೆಯಿತು. ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ರೇಖೆ ಮೂಡುತ್ತಿತ್ತು. ಮುನ್ನೂರು ಡಿಗ್ರಿ, ಇಳಿಯುತ್ತಿದೆ. ಮುನ್ನೂರೈವತ್ತು, ಇಳಿಯುತ್ತಿದೆ. ಆಮೇಲೆ ಇಳಿಯುವುದು ನಿಂತಿತು. ಸ್ವಲ್ಪ ಮೇಲೆದ್ದಿತು. ನಾನು ಕುರ್ಚಿಯಿಂದ ಎದ್ದು ನಿಂತೆ. ನಾನೂರರ ಆಸುಪಾಸಿನಲ್ಲಿ ರೇಖೆ ದಬಕ್ಕನೆ ಬಿದ್ದು ಸೊನ್ನೆಯಾಯಿತು.

ಗೂನು. ನನ್ನ ಥೀಸಿಸ್ಸಿಗೆ ಎಷ್ಟು ಸಲ ಕೈಯಾರೆ ಬರೆದಿದ್ದೆನೋ ಆ ಗೂನು.

ಲೇತ್‌ನ ಕಬ್ಬಿಣ ಅಲ್ಲವೆಂದು ಖುಷಿಪಡಬೇಕಿತ್ತು. ಖುಷಿಯಾಗಲಿಲ್ಲ, ಭಯವಾಯಿತು. ಮೇಷ್ಟ್ರ ಆ ವಸ್ತುವನ್ನು ಈ ಹೊಸ ಕಟ್ಟಡದಲ್ಲಿ ಯಾರೂ ಒಂದು ದಿನವೂ ಮಾಡಿಲ್ಲ. ನಾವೆಲ್ಲ ಮಾಡಿದ್ದು ಹಳೆಯ ಕಟ್ಟಡದಲ್ಲಿ. ಅದನ್ನು ಕೆಡವುವಾಗ ಗಾಜು, ಕುಲುಮೆ, ಮೇಜು ಎಲ್ಲವನ್ನೂ ಗುಜರಿಗೆ ಹಾಕಿದ್ದರು. ಅಲ್ಲಿಂದ ಇಲ್ಲಿಗೆ ಬಂದದ್ದು ಒಂದೇ ಒಂದು ವಸ್ತು, ಮರದ ಪೆಟ್ಟಿಗೆಯಲ್ಲಿ, ಮೇಷ್ಟ್ರ ಮಡಿಲಲ್ಲಿ.

ಪೆಟ್ಟಿಗೆ ತೆಗೆದೆ. ಮಾರ್ಟರನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡಿತು. ಎಷ್ಟು ಆಮ್ಲದಲ್ಲಿ ತೊಳೆದರೂ ಆ ಬಿರುಕಿನೊಳಗೆ ಹೋಗುವುದಿಲ್ಲ. ನಾವು ಯಾರೂ ಗಮನಿಸದಿರಲು ಕಾರಣವೂ ಹೊಳೆಯಿತು. ಇಷ್ಟು ವರ್ಷ ಅದರಲ್ಲಿ ಅರೆದದ್ದೆಲ್ಲ ತಾನಾಗಿಯೇ ಬಲವಾದ ಕಾಂತವಸ್ತುಗಳು. ಸಮುದ್ರಕ್ಕೆ ಒಂದು ಚಿಟಿಕೆ ಉಪ್ಪು ಬಿದ್ದರೆ ಯಾರಿಗೆ ಗೊತ್ತಾಗುತ್ತದೆ? ಏನೂ ಇಲ್ಲದ ವಸ್ತುವನ್ನು ಅದರಲ್ಲಿ ಅರೆದ ಮೊದಲಿಗಳು ಈ ಹುಡುಗಿ.

ಬಾಟಲಿಯಿಂದ ತೆಗೆದ ಬರೀ ಸತುವಿನ ಆಕ್ಸೈಡನ್ನು ಆ ಮಾರ್ಟರ್‌ನಲ್ಲಿ ಅರೆದು ಅಳೆದೆ. ಗೂನು ಬಂತು. ಅದೇ ಬಾಟಲಿಯದನ್ನು ಹೊಸ ಮಾರ್ಟರ್‌ನಲ್ಲಿ ಅರೆದೆ. ಏನಿಲ್ಲ. ಅದಲ್ಲದೆ ಇನ್ನೊಂದು ಬ್ಲಾಂಕ್ ಬೇಕಿರಲಿಲ್ಲ.

ಮುಖ್ಯಸ್ಥರು ಗ್ರಾಫುಗಳನ್ನು ತುಂಬಾ ಹೊತ್ತು ನೋಡಿ, "ಇದನ್ನ ಸರ್‌ಗೆ ತೋರಿಸ್ಬೇಡಿ ಮೇಡಂ. ಈ ವಯಸ್ಸಲ್ಲಿ ತಡ್ಕೊಳ್ಳಲ್ಲ," ಎಂದರು. ಕರಡಿನಲ್ಲಿ ಹುಡುಗಿಯ ಹೆಸರು ಬೇಡ, 'ಮಾನವ ಲೋಪ' ಎಂದಷ್ಟೇ ಹಾಕೋಣವೆಂದರು. ಮೊದಲ ಲೇಖಕಿ ಅವಳೇ ಆಗಿರುವಾಗ ಆ ಮಾನವ ಯಾರೆಂದು ಓದುವವರಿಗೆ ತಿಳಿಯುವುದಿಲ್ಲವೇ? ಗ್ರಾಫುಗಳನ್ನು ಎತ್ತಿಕೊಂಡು ನೇರವಾಗಿ ಕೆಂಪಾಪುರಕ್ಕೆ, ಮೇಷ್ಟ್ರ ಮನೆಗೆ ಹೋದೆ. ತಡೆದುಕೊಳ್ಳುತ್ತಾರೋ ಇಲ್ಲವೋ, ಅವರ ಬೆನ್ನ ಹಿಂದೆ ಇದನ್ನು ಮುಗಿಸಲು ನನ್ನಿಂದಾಗಲಿಲ್ಲ.

ಮೇಷ್ಟ್ರು ವರಾಂಡದಲ್ಲಿ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಹೇಳಿ ಮುಗಿಸುವವರೆಗೆ ಮಧ್ಯೆ ಬಾಯಿ ಹಾಕಲಿಲ್ಲ. ಆಮೇಲೆ ಕೇಳಿದ್ದು ಯಾವ ವಿದ್ಯಾರ್ಥಿಗಾದರೂ ಮೊದಲ ದಿನ ಕೇಳುತ್ತಿದ್ದ ಪ್ರಶ್ನೆಯನ್ನೇ.

"ಬ್ಲಾಂಕ್ ಹಾಕಿದ್ಯಾ?"

"ಹಾಕ್ದೆ ಸರ್. ನಿಮ್ಮ ಮಾರ್ಟರ್‌ನಲ್ಲಿ ಬರುತ್ತೆ. ಹೊಸದ್ರಲ್ಲಿ ಬರಲ್ಲ."

"ಯಾರು ಅರೆದಿದ್ದು?"

"ನಾನೇ."

"ನಿನ್ನ ಅರೆತ ಯಾವತ್ತು ನೆಟ್ಟಗಿತ್ತು?"

ನಗು ಬಂತು. ಅವರು ನಗುತ್ತಿಲ್ಲವೆಂದು ನೋಡಿ ಸುಮ್ಮನಾದೆ. ಒಳಗಿಂದ ಅಮ್ಮನವರು ಕಾಫಿ ತಂದು ಇಬ್ಬರ ಮುಖವನ್ನೂ ನೋಡಿ, ಲೋಟ ಇಟ್ಟು ಹೊರಟುಹೋದರು.

"ಆ ಹುಡುಗಿದೇ ಏನೋ ತಪ್ಪು ಅಂತ ಹೇಳಿದ್ರಲ್ಲ ನನಗೆ," ಎಂದರು ಮೇಷ್ಟ್ರು.

"ಹೇಳಿದವರು ಅಳೆದಿರ್ಲಿಲ್ಲ ಸರ್."

ಕಾಫಿಯ ಮೇಲೆ ಕೆನೆ ಕಟ್ಟಿತು. "ನಾಳೆ ಬರ್ತೀನಿ. ನಾನೇ ಅರೀತೀನಿ. ಅವಳೂ ಇರ್ಲಿ," ಎಂದರು.

ಬಂದರು. ಚಾಲಕ ಮತ್ತು ನಾನು ಎರಡೂ ಕಡೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂರಿಸಿದೆವು. ಹುಡುಗಿ ಗೋಡೆಗೊರಗಿ ನಿಂತಿದ್ದಳು. ಮುಖ್ಯಸ್ಥರೂ ಬಂದು ಬಾಗಿಲಲ್ಲಿ ನಿಂತರು. ಮೇಷ್ಟ್ರು ಕೈಗವಸು ಹಾಕಿಕೊಂಡು, ತಾವೇ ಬಾಟಲಿ ತೆರೆದು, ತಾವೇ ತೂಗಿದರು. ಕೈ ಎಷ್ಟು ನಡುಗುತ್ತಿತ್ತೆಂದರೆ ತಕ್ಕಡಿಯ ಅಂಕಿ ನಿಲ್ಲುತ್ತಲೇ ಇರಲಿಲ್ಲ. ಅರೆಯಲು ಶುರುಮಾಡಿದರು. ನಮಗೆಲ್ಲ ಕಲಿಸಿದ ಆ ಹದವಾದ ಸುತ್ತು ಈಗ ಬರುತ್ತಿರಲಿಲ್ಲ. ಗುಂಡುಕಲ್ಲು ಜಾರುತ್ತಿತ್ತು, ಪುಡಿ ಅಂಚಿನಿಂದ ಹೊರಗೆ ಚೆಲ್ಲುತ್ತಿತ್ತು. ನೋಡುವುದಕ್ಕೆ ಸಂಕಟವಾಗುತ್ತಿತ್ತು.

ಹುಡುಗಿ ತಡೆಯಲಾರದೆ ಮುಂದೆ ಬಂದಳು. "ಸರ್, ನಾನು ಮಾಡ್ಲಾ?"

"ಮುಟ್ಟಬೇಡ," ಎಂದರು ಮೇಷ್ಟ್ರು. ಅವಳು ಬೆಚ್ಚಿ ಹಿಂದೆ ಸರಿದಳು. ಅವರು ತಲೆಯೆತ್ತಿ ಅವಳನ್ನು ನೋಡಿ ಮೆತ್ತಗೆ ಹೇಳಿದರು: "ನೀನು ಮುಟ್ಟಲೇಬಾರದು ಕಣಮ್ಮ ಇದನ್ನ. ಅದಕ್ಕೇ ಅಲ್ವಾ ನಾನು ಬಂದಿರೋದು."

ಬಿಲ್ಲೆ ಒತ್ತಿ, ಅಂಟಿಸಿ, ಯಂತ್ರಕ್ಕಿಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವರು ಊಟ ಬೇಡವೆಂದರು. ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಪರದೆ ನೋಡುತ್ತ ಕೂತರು. ಚುಕ್ಕಿಗಳು ಒಂದೊಂದಾಗಿ ಬಂದವು. ಇಳಿಯಿತು, ಇಳಿಯಿತು, ನಿಂತಿತು. ಮೇಲೆದ್ದಿತು. ಮೇಷ್ಟ್ರು ಮುಂದಕ್ಕೆ ಬಾಗಿ ನನ್ನ ತೋಳು ಹಿಡಿದರು.

"ಬಂತು ನೋಡು! ಗೂನು ಬಂತು!"

ಆ ಒಂದು ಗಳಿಗೆ ಅವರ ಮುಖ ಅರಳಿತ್ತು. ಎಷ್ಟೋ ವರ್ಷಗಳ ಹಿಂದೆ ಯಾವುದೋ ಹಳೆಯ ಯಂತ್ರದ ಮುಂದೆ ಅದನ್ನು ಮೊದಲ ಬಾರಿ ಕಂಡಾಗ ಹೇಗಿದ್ದರೋ ಹಾಗೆ. ಆಮೇಲೆ ತಾವು ಏನನ್ನು ನೋಡುತ್ತಿದ್ದೇವೆಂದು ಅವರಿಗೆ ನೆನಪಾಯಿತು. ಅರಳಿದ ಮುಖ ಬಾಡುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಬಾರದಿತ್ತು. ತೋಳಿನ ಮೇಲಿನ ಕೈಯನ್ನು ನಿಧಾನವಾಗಿ ತೆಗೆದುಕೊಂಡರು.

"ನಂದೇ," ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ಎಲ್ಲದಕ್ಕೂ ಬ್ಲಾಂಕ್ ಹಾಕಿ ಅಂತ ಹೇಳ್ಕೊಟ್ಟೆ. ನನಗೂ ಹಾಕಿ ಅಂತ ಹೇಳ್ಕೊಡ್ಲಿಲ್ಲ," ಎಂದರು.

ಅವಳು ಅಳುತ್ತಿದ್ದಳು. ನಾನೂ ಅಳುತ್ತಿದ್ದೆ, ಅದನ್ನು ಮುಚ್ಚಿಡುವುದಕ್ಕೇನಿದೆ.

ಮೇಷ್ಟ್ರು ಕಾಗದದ ಟೇಪು, ಮಾರ್ಕರ್ ಕೇಳಿದರು. ನಮ್ಮ ಪ್ರಯೋಗಾಲಯದಲ್ಲಿ ಮೊದಲ ದಿನದ ಪಾಠ ಅದು. ಕೋಬಾಲ್ಟ್ ಬಿದ್ದ ಪಾತ್ರೆಯನ್ನು ಎಷ್ಟೇ ತೊಳೆದರೂ ಇನ್ನೊಂದಕ್ಕೆ ಬಳಸಬಾರದು, ಚೀಟಿ ಅಂಟಿಸಿ ಬೇರೆ ಇಡಬೇಕು. ಹಳೆಯ ಕಟ್ಟಡದಲ್ಲಿ ಅವರು ಚೀಟಿಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದರು, ಪಾತ್ರೆ ತೊಳೆಯುವವರಿಗೂ ಓದಲು ಬರಲಿ ಎಂದು. ತಮ್ಮ ಮಾರ್ಟರ್‌ಗೆ ಮಾತ್ರ ಯಾವತ್ತೂ ಅಂಟಿಸಿರಲಿಲ್ಲ. ಈಗ ಅಂಕುಡೊಂಕು ಅಕ್ಷರದಲ್ಲಿ 'ಕೋಬಾಲ್ಟ್‌ಗೆ ಮಾತ್ರ' ಎಂದು ಬರೆದು, ಜೇನಿನ ಬಣ್ಣದ ಕಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಅಂಟಿಸಿದರು.

ಮುಖ್ಯಸ್ಥರ ಕರಡನ್ನು ಅವರು ಅಲ್ಲೇ ಕೇಳಿ ಪಡೆದು, ಓದಿ, ಮಡಚಿ ಜೇಬಿಗಿಟ್ಟುಕೊಂಡರು. ಬೇರೆಯದನ್ನು ತಾವೇ ಹೇಳಿ ನನ್ನಿಂದ ಬರೆಸಿದರು. ಕಾಂತತ್ವ ನನ್ನ ಸ್ವಂತ ಮಾರ್ಟರ್‌ನಿಂದ ಬಂದದ್ದು, ಅದನ್ನು ಬಳಸಬೇಕೆಂದು ಕಡ್ಡಾಯ ಮಾಡಿದವನು ನಾನು, ವಿದ್ಯಾರ್ಥಿನಿಯ ಕೆಲಸದಲ್ಲಿ ಯಾವ ದೋಷವೂ ಇಲ್ಲ ಎಂದು. ಅದು ಹಾಗೆಯೇ ಅಚ್ಚಾಯಿತು. ಮೊದಲು ಫೋಟೋ ಹಾಕಿದ್ದ ದಿನಪತ್ರಿಕೆಗಳು ಇದನ್ನು ಹಾಕಲಿಲ್ಲ. ಮೇಷ್ಟ್ರು ಮತ್ತೆ ಸಂಸ್ಥೆಗೆ ಬರಲಿಲ್ಲ. ಒಂದೆರಡು ಸಲ ಕೆಂಪಾಪುರಕ್ಕೆ ಹೋಗಿದ್ದೆ. ಕೆಲಸದ ಮಾತು ಬಿಟ್ಟು ಬೇರೆಲ್ಲ ಆಡಿದರು. ಅದು ಅವರಿಗೆ ಗೊತ್ತಿಲ್ಲದ ವಿದ್ಯೆ, ಹಾಗಾಗಿ ಮಾತು ಬೇಗ ಮುಗಿಯುತ್ತಿತ್ತು.

ಹುಡುಗಿಗೆ ಬೇರೆ ಮಾರ್ಗದರ್ಶಕರು ಸಿಕ್ಕರು, ಹೊಸ ವಿಷಯ ಸಿಕ್ಕಿತು. ಹಿಂದಿನ ವರ್ಷಗಳನ್ನು ಯಾರೂ ಹಿಂದಿರುಗಿಸಲಿಲ್ಲ. ಲೇತ್ ಸುದ್ದಿಯೂ ಸಾಯಲಿಲ್ಲ. ಅಚ್ಚಾದದ್ದನ್ನು ಓದುವವರು ಕಡಿಮೆ, ಕ್ಯಾಂಟೀನಿಗೆ ಬರುವವರು ಹೆಚ್ಚು. ಹೊಸ ವಿದ್ಯಾರ್ಥಿಯೊಬ್ಬ ಅವಳ ಪಕ್ಕದ ಮೇಜು ಬೇಡವೆಂದು ನನ್ನ ಹತ್ತಿರವೇ ಬಂದು ಹೇಳಿದ. ಅವನಿಗೆ ನಾನು ಹೇಳಿದ್ದನ್ನು ಅವನು ಮರೆತಿರಲಾರ.

ಮಳೆಗಾಲ ಮುಗಿಯುವ ಮುನ್ನ ಮೇಷ್ಟ್ರು ತೀರಿಕೊಂಡರು. ಸಂಸ್ಥೆಯ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ. ದೇಶದ ಎಲ್ಲೆಲ್ಲಿಂದಲೋ ಶಿಷ್ಯರು ಬಂದಿದ್ದರು. ವೇದಿಕೆಯ ಮೇಲೆ ಹಾರ ಹಾಕಿದ ಫೋಟೋ, ಮುಂದೆ ದೀಪ, ದೀಪದ ಪಕ್ಕ ತೆರೆದ ಮರದ ಪೆಟ್ಟಿಗೆಯಲ್ಲಿ ಆ ಮಾರ್ಟರ್. ಯಾರೋ ಅದನ್ನು ಚೆನ್ನಾಗಿ ಉಜ್ಜಿ ಹೊಳೆಯುವಂತೆ ಮಾಡಿದ್ದರು. ಅಂಚಿಗೆ ಕುಂಕುಮ ಇಟ್ಟಿದ್ದರು. ಚೀಟಿ ಇರಲಿಲ್ಲ. ಅಂಟಿನ ಮಬ್ಬು ಗುರುತು ಮಾತ್ರ ಉಳಿದಿತ್ತು.

ಮುಖ್ಯಸ್ಥರು ಚೆನ್ನಾಗಿ ಮಾತಾಡಿದರು. ಗೂನಿನ ಕಥೆ ಹೇಳಿದರು, ಮಾರ್ಟರ್ ತೋರಿಸಿದರು, ಇದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಂದಿನ ಪೀಳಿಗೆಗೆ ಕಾಪಾಡುತ್ತೇವೆ ಎಂದರು. ಆಮೇಲೆ ದನಿ ತಗ್ಗಿಸಿ, "ಕೊನೆಗಾಲದಲ್ಲಿ ಪ್ರಯೋಗಾಲಯದ ಒಂದು ಅಚಾತುರ್ಯದಿಂದ ಸರ್ ತುಂಬಾ ನೊಂದುಕೊಂಡರು. ಆದರೆ ಎಂಥ ದೊಡ್ಡ ಮನಸ್ಸು ನೋಡಿ, ಒಬ್ಬ ವಿದ್ಯಾರ್ಥಿಯ ಭವಿಷ್ಯಕ್ಕಾಗಿ ತಪ್ಪನ್ನೆಲ್ಲ ತಮ್ಮ ಮೇಲೆಯೇ ಹಾಕಿಕೊಂಡರು," ಎಂದರು. ಸಭೆ ತಲೆದೂಗಿತು. ನನ್ನ ಹಿಂದೆ ಯಾರೋ ಮೂಗು ಒರೆಸಿಕೊಂಡರು.

ನಾನು ತಿರುಗಿ ನೋಡಿದೆ. ಹುಡುಗಿ ಕೊನೆಯ ಸಾಲಿನಲ್ಲಿದ್ದಳು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟ ಅವಳ ತಂದೆ. ಮಗಳ ಮೇಷ್ಟ್ರಿಗೆ ಗೌರವ ಸಲ್ಲಿಸಲು ಅಂಗಡಿ ಮುಚ್ಚಿ ಬಂದಿದ್ದರು. ಮುಖ್ಯಸ್ಥರ ಮಾತು ಕೇಳಿ ಅವರು ತಮ್ಮ ಕೈಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಇಳಿಬಿಟ್ಟರು.

ಹುಡುಗಿ ಎದ್ದಳು. ನಡುವಿನ ದಾರಿಯಲ್ಲಿ ನಡೆದುಬಂದು ವೇದಿಕೆ ಹತ್ತಿದಳು. ಹೂವು ಹಾಕಲು ಬಂದಳೆಂದು ಎಲ್ಲರೂ ದಾರಿ ಬಿಟ್ಟರು. ಅವಳು ಚೀಲದಿಂದ ಕಾಗದದ ಟೇಪು ತೆಗೆದಳು. ನಮ್ಮ ಹುಡುಗರ ಚೀಲದಲ್ಲಿ ಅದು ಯಾವಾಗಲೂ ಇರುತ್ತದೆ. ಮಾರ್ಕರಿನಿಂದ ಬರೆದಳು, ಕರವಸ್ತ್ರದಲ್ಲಿ ಕುಂಕುಮ ಒರೆಸಿದಳು, ಹಳೆಯ ಅಂಟಿನ ಗುರುತಿನ ಮೇಲೆಯೇ ಚೀಟಿಯನ್ನಿಟ್ಟು ಹೆಬ್ಬೆರಳಿನಿಂದ ಒತ್ತಿದಳು.

"ಏನಮ್ಮ ಅದು?" ಎಂದು ಕೇಳಲು ಮುಖ್ಯಸ್ಥರು ಬಾಯಿ ತೆರೆದವರು, ಮೈಕ್ ಚಾಲೂ ಇದೆಯೆಂದು ನೆನಪಾಗಿ ಕೈಯಿಂದ ಮುಚ್ಚಿ ಪಿಸುಗುಟ್ಟಿದರು.

ಅವಳು ಪಿಸುಗುಟ್ಟಲಿಲ್ಲ. "ಸರ್ ಅಂಟಿಸಿದ್ದು ಸರ್. ಯಾರೋ ಕಿತ್ತಾಕಿದ್ರು."

ಕೆಳಗಿಳಿದು ಹೋಗಿ ತಂದೆಯ ಪಕ್ಕ, ಭುಜಕ್ಕೆ ಭುಜ ತಾಗುವಂತೆ ಕೂತಳು. ಮುಂದೆ ಮಾತಾಡಬೇಕಿದ್ದವಳು ನಾನು. ಬರೆದು ತಂದಿದ್ದ ಹಾಳೆಯನ್ನು ಕುರ್ಚಿಯ ಮೇಲೆಯೇ ಬಿಟ್ಟು ಮೈಕಿನ ಮುಂದೆ ನಿಂತೆ. ಮೊದಲು ಆ ಚೀಟಿಯಲ್ಲಿರುವುದನ್ನು ಓದಿದೆ. ಆಮೇಲೆ ಅದನ್ನು ಮೊದಲು ಬರೆದವರು ಯಾರು, ಯಾಕೆ ಬರೆದರು ಎಂದು ಹೇಳಲು ಶುರುಮಾಡಿದೆ.